ಮೊದಲನೇದಾ, ಎರಡನೇದಾ?

ನನ್ನ ಕಸುಬಿನಲ್ಲಿ ದಿನವಿಡೀ ಕೇಳುವ ಪ್ರಶ್ನೆ ಒಂದೇ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಯಾವುದು ಸ್ಪಷ್ಟವಾಗಿ ಕಾಣ್ಸುತ್ತೆ, ಮೊದಲನೇದಾ, ಎರಡನೇದಾ?" ಎಂದು ಕೇಳುತ್ತೇನೆ. ಇದು ಅಪ್ಪ ಶುರು ಮಾಡಿದ ಕನ್ನಡಕದ ಅಂಗಡಿ. ಒಳಗಿನ ಪರೀಕ್ಷೆಯ ಕೋಣೆ ಎಷ್ಟು ಚಿಕ್ಕದೆಂದರೆ, ಅಕ್ಷರದ ಫಲಕವನ್ನು ಗಿರಾಕಿಯ ತಲೆಯ ಹಿಂದೆ ತೂಗುಹಾಕಿ ಎದುರಿನ ಕನ್ನಡಿಯಲ್ಲಿ ಓದಿಸಬೇಕು.

ಅಪ್ಪ ನನಗೆ ಕಲಿಸಿಕೊಟ್ಟ ಒಂದು ಉಪಾಯವಿದೆ. ಯಾರಾದರೂ ತೀರ ಪಟಪಟನೆ ಉತ್ತರ ಹೇಳತೊಡಗಿದರೆ, ಗಾಜನ್ನು ಬದಲಿಸಿದಂತೆ ನಟಿಸಿ ಅದೇ ಗಾಜನ್ನು ಮತ್ತೆ ಹಾಕಬೇಕು. "ಎರಡೂ ಒಂದೇ ಥರ ಇದೆಯಲ್ಲಾ" ಎಂದವರನ್ನು ನಂಬಬಹುದು. "ಆಹಾ, ಎರಡನೇದು ಎಷ್ಟೋ ವಾಸಿ" ಎಂದವರ ಜೊತೆ ಮಾತು ನಿಲ್ಲಿಸಿ, ಅವರನ್ನು ಎಬ್ಬಿಸಿ ಯಂತ್ರದ ಮುಂದೆ ಕೂರಿಸಬೇಕು. ಯಂತ್ರದೊಳಗೆ ಒಂದು ಉದ್ದನೆಯ ರಸ್ತೆ, ಅದರ ತುದಿಯಲ್ಲೊಂದು ಬಲೂನು ಕಾಣುತ್ತದೆ. ಅದನ್ನು ನೋಡುತ್ತ ಕೂತರೆ ಸಾಕು, ಅವರನ್ನು ಏನೂ ಕೇಳದೆ ಕಣ್ಣಿನ ನಂಬರು ಬಂದುಬಿಡುತ್ತದೆ.

ಇನ್ನು ನನ್ನ ಗಂಡ. ಅವರು ಬ್ಯಾಂಕಿನವರು. ಬ್ಯಾಂಕು ಎಂದ ಕೂಡಲೇ ಕೌಂಟರು, ಸರದಿ ಸಾಲು, ದಾರ ಕಟ್ಟಿದ ಪೆನ್ನು ನೆನಪಾದರೆ ಅದು ನಿಮ್ಮ ತಪ್ಪು. ಇದು ಒಂದು ದೊಡ್ಡ ಕಂಪನಿಯನ್ನು ಅದಕ್ಕಿಂತ ದೊಡ್ಡ ಕಂಪನಿಗೆ ಮಾರಿಸಿಕೊಟ್ಟು, ನಡುವೆ ತನ್ನ ಪಾಲು ತೆಗೆದುಕೊಳ್ಳುವ ಬ್ಯಾಂಕು. ಬೇರೆ ಯಾರಾದರೂ ಈ ಕೆಲಸ ಮಾಡಿದರೆ ಅವರನ್ನು ದಲ್ಲಾಳಿ ಅನ್ನುತ್ತಾರೆ. ಇವರನ್ನು ಸಲಹೆಗಾರರು ಅನ್ನಬೇಕು. ನಮ್ಮ ಮದುವೆಯಾದ ಹೊಸದರಲ್ಲಿ ಅತ್ತೆ ಒಂದು ಹರಿದ ನೋಟನ್ನು ಇವರ ಕೈಗೆ ಕೊಟ್ಟು, "ಹೇಗೂ ಬ್ಯಾಂಕಿಗೆ ಹೋಗ್ತೀಯಲ್ಲ ಪುಟ್ಟಾ, ಬದಲಾಯಿಸ್ಕೊಂಡು ಬಾ" ಎಂದಿದ್ದರು. ಇವರು ಒಂದು ವಾರ ಮುಖ ಊದಿಸಿಕೊಂಡು ಓಡಾಡಿದ್ದರು. ನಲವತ್ತಾರು ದಾಟಿದರೂ ಅತ್ತೆಗೆ ಇವರು ಪುಟ್ಟನೇ.

ಈಗಿರುವ ಬ್ಯಾಂಕನ್ನು ಬೈಯದೆ ಇವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಅಲ್ಲಿ ಎಲ್ಲರೂ ಉಪಾಧ್ಯಕ್ಷರು. ಉಪಾಧ್ಯಕ್ಷ ಅಲ್ಲದ್ದು ಅಂದರೆ ಲಿಫ್ಟು ಮತ್ತು ಕಾಫಿ ಯಂತ್ರ ಎರಡೇ. ಇವರ ಕ್ಯಾಬಿನ್ನು ಶೌಚಾಲಯದ ಪಕ್ಕದಲ್ಲಿ. ಇವರು ಒಂದು ವರ್ಷ ಹೆಣಗಾಡಿ ಕುದುರಿಸಿದ ವ್ಯವಹಾರದ ಗೌರವವನ್ನು ಮೇಲಿನ ಸಾಹೇಬರು ತಮ್ಮ ಜೇಬಿಗೆ ಇಳಿಸಿಕೊಂಡಿದ್ದರು. "ಅಲ್ಲಿ ಮನುಷ್ಯ ಇರ್ತಾನಾ?" ಎಂದು ಇವರು ಕೇಳುವುದು, "ಹಾಗಾದ್ರೆ ಬಿಡಿ" ಎಂದು ನಾನು ಹೇಳುವುದು, "ಬಿಡೋದು ಅಂದ್ರೆ ಅಷ್ಟು ಸುಲಭನಾ?" ಎಂದು ಇವರು ಎದ್ದು ಹೋಗುವುದು, ಇಷ್ಟು ಏಳು ವರ್ಷದಿಂದ ನಡೆದುಬಂದಿತ್ತು.

ಅಂಥವರಿಗೆ ಒಟ್ಟಿಗೆ ಎರಡು ಬ್ಯಾಂಕುಗಳಿಂದ ಕರೆ ಬಂತು. ಒಂದು ಇದೇ ಊರಿನ ಇನ್ನೊಂದು ತುದಿಯಲ್ಲಿ. ಇನ್ನೊಂದು ಸಮುದ್ರದಾಚೆ, ವಿಮಾನದಲ್ಲಿ ಎರಡು ಊಟ ಕೊಡುವಷ್ಟು ದೂರ. ಇವರ ನಡಿಗೆಯೇ ಬದಲಾಯಿತು. ಫೋನು ಬಂದರೆ ಬಾಲ್ಕನಿಗೆ ಹೋಗಿ, ಬಾಗಿಲೆಳೆದುಕೊಂಡು, ಇಡೀ ಬೀದಿಗೆ ಕೇಳುವಂತೆ ಗುಟ್ಟು ಮಾತಾಡತೊಡಗಿದರು.

ಇವರ ಕಸುಬಿನಲ್ಲಿ ಯಾವ ವ್ಯವಹಾರವನ್ನೂ ಅದರ ಹೆಸರಿನಿಂದ ಕರೆಯಬಾರದಂತೆ. ಲಿಫ್ಟಿನಲ್ಲಿ ಯಾರಾದರೂ ಕೇಳಿಸಿಕೊಂಡರೆ ಎಂದು ಪ್ರತಿಯೊಂದಕ್ಕೂ ಒಂದು ಗುಪ್ತನಾಮ ಇಡುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲೂ ಸಮುದ್ರದಾಚೆಯ ಬ್ಯಾಂಕಿಗೆ ಗರುಡ, ಈ ಊರಿನದಕ್ಕೆ ಹಂಸ ಎಂದು ನಾಮಕರಣವಾಯಿತು. ಮನೆಯಲ್ಲಿ ಇದ್ದವರು ನಾನು, ಇವರು, ಅತ್ತೆ. ಯಾರಿಂದ ಯಾರಿಗೆ ಗುಟ್ಟು ಎಂದು ನಾನು ಕೇಳಿದೆ. "ಇದು ಶಿಸ್ತು" ಎಂದರು. ಶಿಸ್ತಿನ ಫಲ ಎರಡೇ ದಿನದಲ್ಲಿ ಕಂಡಿತು. ಅತ್ತೆ ಪಕ್ಕದ ಮನೆಯವರಿಗೆ, "ನಮ್ಮ ಪುಟ್ಟ ಗರುಡನಾ ಹಂಸನಾ ಅಂತ ತುಂಬಾ ಯೋಚನೆ ಮಾಡ್ತಿದಾನೆ" ಎಂದು ಹೇಳಿದ್ದೇ ತಡ, ಆಕೆ, "ಅಯ್ಯೋ, ಫ್ಲಾಟಲ್ಲಿ ಅಷ್ಟು ದೊಡ್ಡ ಹಕ್ಕಿ ಸಾಕೋಕೆ ಬಿಡ್ತಾರಾ?" ಎಂದು ಗಾಬರಿಯಾದರು.

"ಅದು ಸರಿ ಪುಟ್ಟಾ, ಇವಳ ಅಂಗಡಿ ಯಾವ ಹಕ್ಕಿ?" ಎಂದು ಅತ್ತೆ ಒಂದು ಸಂಜೆ ಕೇಳಿದರು.

"ಅಮ್ಮಾ, ಅಂಗಡಿ ಈ ವ್ಯವಹಾರದಲ್ಲಿ ಬರಲ್ಲ."

"ಹಾಗಾದ್ರೆ ಕೋಳಿ ಅಂತ ಇಟ್ಕೊ. ಪಾಪ, ದಿನಾ ಒಂದು ಮೊಟ್ಟೆ ಇಡುತ್ತೆ."

ನಾನು ನಕ್ಕೆ. ಆದರೆ ಗರುಡ ಎಂದರೆ ಅಂಗಡಿಗೆ ಬೀಗ. ಅದೂ ಸಾಲದೆಂಬಂತೆ, ಅದೇ ವಾರ ಕಟ್ಟಡದ ಮಾಲೀಕರು ಅಂಗಡಿಗೆ ಬಂದು, ಗಾಜಿನ ಕಪಾಟಿನ ಮೇಲೆ ಮೊಣಕೈ ಊರಿ, "ನೋಡಮ್ಮಾ, ಪಕ್ಕದ ಮೊಬೈಲ್ ಅಂಗಡಿಯವನು ಈ ಜಾಗನೂ ತನಗೇ ಬೇಕು ಅಂತ ಕೂತಿದಾನೆ. ನಿಮ್ಮ ತಂದೆಯ ಮುಖ ನೋಡಿ ಮೊದಲು ನಿನಗೆ ಹೇಳ್ತಿದೀನಿ. ಸೋಮವಾರ ಬೆಳಿಗ್ಗೆ ಬಂದು ಇನ್ನೈದು ವರ್ಷಕ್ಕೆ ಸಹಿ ಹಾಕು. ಇಲ್ಲಾಂದ್ರೆ ಅವನಿಗೆ ಹೂಂ ಅಂತೀನಿ" ಎಂದರು. ಎರಡೂ ಬ್ಯಾಂಕಿನವರು ಇವರಿಂದ ಉತ್ತರ ಕೇಳಿದ್ದೂ ಅದೇ ಸೋಮವಾರಕ್ಕೆ.

ಮನೆಗೆ ಬಂದು ಇವರಿಗೆ ಹೇಳಿದೆ. ಫೋನಿನಿಂದ ತಲೆ ಎತ್ತದೆ, "ಒಳ್ಳೇದಾಯ್ತು ಹೇಳಿದ್ದು. ಅದನ್ನೂ ಲೆಕ್ಕದ ಟೇಬಲ್‌ಗೆ ಹಾಕ್ಕೋತೀನಿ" ಎಂದರು.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಆ ಪರೀಕ್ಷೆಯ ಕುರ್ಚಿಯ ಮೇಲೆ ಕೂತು ಕಾಲು ನೆಲಕ್ಕೆ ಎಟುಕದ ಕಾಲದಿಂದ ನಾನು ಆ ಕೋಣೆಯಲ್ಲಿ ಬೆಳೆದವಳು. ಅಪ್ಪ ಹೋದ ಮೇಲೆ ಆ ಬೀದಿಯವರು ಕಣ್ಣು ತೋರಿಸಿಕೊಳ್ಳಲು ನನ್ನ ಹತ್ತಿರವೇ ಬಂದರು, ಇನ್ನೆಲ್ಲೂ ಹೋಗಲಿಲ್ಲ. ಬೇರೆ ದೇಶಕ್ಕೆ ಹೋದರೆ ನನ್ನ ಸರ್ಟಿಫಿಕೇಟು ನಡೆಯುವುದಿಲ್ಲ. ಅಲ್ಲಿ ನಾನು ಒಬ್ಬ ಉಪಾಧ್ಯಕ್ಷರ ಹೆಂಡತಿ, ಅಷ್ಟೇ.

ಶನಿವಾರ ಬೆಳಿಗ್ಗೆ ಆ ಟೇಬಲ್ ನಮ್ಮ ನಡುಮನೆಯ ಟೀವಿಯ ಮೇಲೆ ಪ್ರತ್ಯಕ್ಷವಾಯಿತು. ಇವರು ಮನೆಯಲ್ಲೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ರಿಮೋಟು ಹಿಡಿದು ನಿಂತರು. ಅತ್ತೆ ಮತ್ತು ನಾನು ಸೋಫಾದ ಮೇಲೆ, ಆಡಳಿತ ಮಂಡಳಿಯ ಹಾಗೆ. ಒಂದು ಕಡೆ ಗರುಡ, ಒಂದು ಕಡೆ ಹಂಸ. ಕೆಳಗೆ ಒಂದೊಂದು ಸಾಲಿಗೂ ಒಂದೊಂದು ತೂಕ. ಹುದ್ದೆ, ಸಂಬಳ, ಬೋನಸ್ಸು, ಬೋನಸ್ಸಿನಲ್ಲಿ ಕೈಗೆ ಸಿಗುವುದೆಷ್ಟು, ಷೇರಿನ ರೂಪದಲ್ಲಿ ಕಣ್ಣಿಗೆ ಮಾತ್ರ ಕಾಣುವುದೆಷ್ಟು, ಸಂಸ್ಥೆಯ ಸಂಸ್ಕೃತಿ, ಮುಂದಿನ ಬೆಳವಣಿಗೆ. ಎಲ್ಲಕ್ಕಿಂತ ಕೆಳಗೆ, ಟೀವಿಯ ಅಂಚಿಗೆ ಅರ್ಧ ಕತ್ತರಿಸಿಹೋದಂತೆ, 'ಕುಟುಂಬ ಮತ್ತು ಇತರೆ'. ಅದಕ್ಕೆ ನೂರಕ್ಕೆ ಐದು.

"ಈ ಇತರೆ ಅಂದ್ರೆ ಯಾರು?" ಎಂದೆ.

"ನಿನ್ನ ಅಂಗಡಿ, ಅಮ್ಮನ ಮಂಡಿನೋವು, ಅಲ್ಲಿನ ಚಳಿ. ಎಲ್ಲಾ ಸೇರಿ."

"ಅಂದ್ರೆ ನಾನು ಮತ್ತೆ ಮಂಡಿನೋವು ಒಂದೇ ಸಾಲಲ್ಲಿ."

"ಭಾವನೆಗಳನ್ನ ಬೆರೆಸ್ಬೇಡ. ಇದು ವಿಶ್ಲೇಷಣೆ."

ವಿಶ್ಲೇಷಣೆಯ ಗುಂಡಿ ಒತ್ತಿದರು. ಹಂಸ ಗೆದ್ದಿತು. ಇವರ ಮುಖ ನೋಡಬೇಕಿತ್ತು. ಎರಡು ಸಲ ಗುಂಡಿ ಒತ್ತಿದರು, ರಿಮೋಟನ್ನು ಅಂಗೈಗೆ ಬಡಿದರು, ಮತ್ತೆ ಒತ್ತಿದರು. ಹಂಸವೇ. "ಎಲ್ಲೋ ತೂಕದಲ್ಲಿ ತಪ್ಪಾಗಿದೆ" ಎಂದು ಗೊಣಗುತ್ತ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋದರು. ಅತ್ತೆಯ ಕಾಫಿ ಮುಗಿಯುವಷ್ಟರಲ್ಲಿ ತಿರುಗಿ ಬಂದರು. 'ಮುಂದಿನ ಬೆಳವಣಿಗೆ' ಸಾಲು ಉಬ್ಬಿಕೊಂಡಿತ್ತು. ಕುಟುಂಬ ಐದರಿಂದ ಮೂರಕ್ಕೆ ಇಳಿದಿತ್ತು. ಈಗ ಗರುಡ ಗೆದ್ದಿತು.

ಇಷ್ಟು ವರ್ಷ ಜೊತೆಗಿದ್ದು ಇವರ ಕಸುಬಿನ ಮರ್ಮ ನನಗೂ ಸ್ವಲ್ಪ ತಿಳಿದಿದೆ. ಕಂಪನಿ ಕೊಳ್ಳಬೇಕೆಂದು ಬಂದವನಿಗೆ ಯಾವ ಉತ್ತರ ಬೇಕು ಎನ್ನುವುದು ಮೊದಲೇ ಗೊತ್ತಿರುತ್ತದೆ. ಆ ಉತ್ತರಕ್ಕೆ ಅಳತೆ ಸರಿಹೋಗುವಂತೆ ಲೆಕ್ಕವನ್ನು ಹೊಲಿದುಕೊಡುವುದಕ್ಕೇ ಇವರಿಗೆ ಸಂಬಳ. ಆದರೆ ಅಲ್ಲಿಯವರೆಗೆ ಬೇರೆಯವರಿಗೆ ಹೊಲಿಯುತ್ತಿದ್ದವರು, ಈಗ ತಮಗೇ ಹೊಲಿದುಕೊಂಡು ಅದನ್ನೇ ನಿಜವೆಂದು ನಂಬಿ ಕನ್ನಡಿಯ ಮುಂದೆ ನಿಂತಿದ್ದರು. ಅದನ್ನು ನಾನು ಮೊದಲ ಸಲ ನೋಡಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇವರಿಗೆ ಸಂದೇಹ ಶುರುವಾಯಿತು. ಲೆಕ್ಕವೇನೋ ಗರುಡ ಎನ್ನುತ್ತಿದೆ, ಆದರೆ ಸಂಸ್ಕೃತಿ? ಎರಡೂ ಬ್ಯಾಂಕಿನಿಂದ ಬಂದ ಪತ್ರಗಳನ್ನು ತಂದು ಕೂತರು. ಒಂದನ್ನು ಎತ್ತಿ ತೋಳಿನುದ್ದ ದೂರ ಹಿಡಿದು, ಕತ್ತನ್ನು ಹಿಂದಕ್ಕೆ ಎಳೆದುಕೊಂಡು, ಹುಬ್ಬು ಗಂಟಿಕ್ಕಿ ನೋಡಿದರು. ನಂತರ, "ಈ ಮನೆಯಲ್ಲಿ ಬೆಳಕೇ ಸರಿಯಿಲ್ಲ" ಎಂದರು. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು.

ಕನ್ನಡಕದ ಅಂಗಡಿಯವಳ ಗಂಡನಿಗೆ ಓದುವ ಕನ್ನಡಕವಿಲ್ಲ. ನಾನು ಕೇಳಿ ಕೇಳಿ ಸೋತಿದ್ದೆ. ಇವರ ಆಫೀಸಿನಲ್ಲಿ ಒಬ್ಬರು ಮೀಟಿಂಗಿನ ನಡುವೆ ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡರಂತೆ. ಸ್ವಲ್ಪ ದಿನದಲ್ಲೇ ಅವರ ಬೀಳ್ಕೊಡುಗೆಯ ಕೇಕು ಕತ್ತರಿಸಿದರಂತೆ. ಅಲ್ಲಿಂದ ಇವರು ಸಣ್ಣಕ್ಷರದ ಕಾಗದ ಬಂದಾಗಲೆಲ್ಲ, "ನೀವೇ ಸಾರಾಂಶ ಹೇಳಿ" ಎಂದು ಕಿರಿಯರಿಗೆ ಗಾಂಭೀರ್ಯದಿಂದ ಅಪ್ಪಣೆ ಕೊಡುವುದನ್ನು ರೂಢಿ ಮಾಡಿಕೊಂಡಿದ್ದರು. ಇವರ ಗಾಂಭೀರ್ಯವನ್ನು ಮೆಚ್ಚಿ ಒಂದು ಬಹುಮಾನವನ್ನೂ ಕೊಟ್ಟಿದ್ದರು.

"ನೀನೇ ಓದು" ಎಂದು ಪತ್ರಗಳನ್ನು ನನ್ನ ಮುಂದೆ ಸರಿಸಿದರು. "ಕೆಲಸದ ಬಗ್ಗೆ, ಸಂಸ್ಥೆ ಬಗ್ಗೆ ಬರೆದಿರೋ ಭಾಗ ಮಾತ್ರ. ಹೆಸರು, ಊರು ಏನೂ ಹೇಳ್ಬೇಡ. ನಾವೂ ಹಾಗೇ ಮಾಡೋದು. ಕಂಪನಿ ಮಾರೋಕೆ ಮುಂಚೆ, ಹೆಸರಿಲ್ಲದ ಒಂದು ಪುಟ ಕೊಳ್ಳೋರಿಗೆ ಕಳಿಸ್ತೀವಿ. ಆಗ ಹೆಸರು ನೋಡಿ ಮರುಳಾಗಲ್ಲ, ಸರಕು ನೋಡಿ ಹೇಳ್ತಾರೆ. ನಾನೂ ಹಾಗೇ ಹೇಳ್ತೀನಿ."

ಕಣ್ಣು ಮುಚ್ಚಿ ಸೋಫಾಕ್ಕೆ ಒರಗಿದರು. ಅತ್ತೆ ಎದುರಿನ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಕೈಗೆ ಸಿಕ್ಕಿದ ಪತ್ರ ಎತ್ತಿಕೊಂಡೆ. ಅದು ಗರುಡದ್ದು.

"ನಮ್ಮಲ್ಲಿ ಹುದ್ದೆಗಿಂತ ಪ್ರತಿಭೆಗೆ ಹೆಚ್ಚು ಬೆಲೆ. ನಾವು ಕೇವಲ ಒಂದು ಸಂಸ್ಥೆಯಲ್ಲ, ಒಂದು ಕುಟುಂಬ. ಇಲ್ಲಿ ನೀವು ನಿಮ್ಮ ಕನಸುಗಳನ್ನು ನನಸಾಗಿಸಿಕೊಳ್ಳುತ್ತ, ಗ್ರಾಹಕರ ಕನಸುಗಳಿಗೂ ರೆಕ್ಕೆ ಮೂಡಿಸುವಿರಿ" ಎಂದು ಓದಿದೆ.

"ಹ್ಞೂಂ" ಎಂದರು ಇವರು ಕಣ್ಣು ಮುಚ್ಚಿಕೊಂಡೇ. "ಎರಡನೇದು?"

ಹಂಸದ ಪತ್ರವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅಂಗಡಿಯ ಅಭ್ಯಾಸ ನನ್ನ ಕೈಯನ್ನು ಹಿಡಿದು ನಿಲ್ಲಿಸಿತು. ಹಂಸದ ಕಾಗದವನ್ನು ಬರಿದೇ ಸದ್ದು ಬರುವಂತೆ ಸರಿಸಿ, ಗಂಟಲು ಸರಿಪಡಿಸಿಕೊಂಡು, ಗರುಡದ ಆ ಮೂರು ವಾಕ್ಯಗಳನ್ನೇ ಒಂದಕ್ಷರ ಬಿಡದೆ ಇನ್ನೊಂದು ಸಲ ಓದಿದೆ.

ಇವರು ಕಣ್ಣು ತೆರೆದರು. ಮುಖ ಅರಳಿತ್ತು.

"ಎರಡನೇದು" ಎಂದರು. "ಸಂಶಯವೇ ಇಲ್ಲ. ಮೊದಲನೇದ್ರಲ್ಲಿ ಏನೋ ಹಳೇ ವಾಸನೆ. ಬಾಯಲ್ಲಿ ಕುಟುಂಬ ಅಂತಾರೆ, ಒಳಗೆ ಬರೀ ರಾಜಕೀಯ. ಇಪ್ಪತ್ತು ವರ್ಷದ ಅನುಭವದಿಂದ ಹೇಳ್ತಿದೀನಿ. ಎರಡನೇದು ನೋಡು, ಎಷ್ಟು ಪ್ರಾಮಾಣಿಕವಾಗಿದೆ. ಅದ್ರಲ್ಲಿ ಒಂದು ಹಸಿವಿದೆ. ಅದು ಓದಿದ ತಕ್ಷಣ ಗೊತ್ತಾಗ್ಬಿಡುತ್ತೆ. ಅದು ಗರುಡ ತಾನೇ? ನಂಗೊತ್ತಿತ್ತು."

ಅತ್ತೆ ಎಣ್ಣೆಯ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನತ್ತ ತಿರುಗಿದರು. "ಅಲ್ಲಮ್ಮಾ, ನೀನು ತಪ್ಪಿ ಮೊದಲು ಓದಿದ್ದನ್ನೇ ಮತ್ತೆ ಓದಿದೆ ಅನ್ಸುತ್ತೆ. ಎರಡರಲ್ಲೂ ರೆಕ್ಕೆ ಬಂತಲ್ಲ?"

"ಅಮ್ಮಾ, ನಿಂಗೆ ಇದೆಲ್ಲಾ ಗೊತ್ತಾಗಲ್ಲ. ಪದ ಒಂದೇ ಇರಬಹುದು, ಧ್ವನಿ ಬೇರೆ."

"ಧ್ವನಿ ನಂದೇ ರೀ, ಎರಡು ಸಲನೂ" ಎಂದೆ. ಕೈಯಲ್ಲಿದ್ದ ಒಂದೇ ಪತ್ರವನ್ನು ಎತ್ತಿ ತೋರಿಸಿದೆ. ಹಂಸದ ಪತ್ರ ಮೇಜಿನ ಮೇಲೆ ಮಡಿಸಿದ ಹಾಗೇ ಇತ್ತು.

ಇವರು ನನ್ನ ಕೈ ನೋಡಿದರು, ಮೇಜು ನೋಡಿದರು. ಅತ್ತೆ ಮೊದಲು ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಬಾಯಿ ತೆರೆದು ನಕ್ಕರು, ಆಮೇಲೆ ಎಣ್ಣೆಯ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿಯೆಂದು ಎದ್ದು ಬಚ್ಚಲಿಗೆ ಹೋದರು. ನನಗೆ ನಗು ಬರಲಿಲ್ಲ. ಗಿರಾಕಿಗಳ ಮೇಲೆ ಸಾವಿರ ಸಲ ಮಾಡಿದ್ದನ್ನೇ ಮಾಡಿದ್ದೆ. ಆದರೆ ಗಿರಾಕಿ ಆಮೇಲೆ ಎದ್ದು ತನ್ನ ಮನೆಗೆ ಹೋಗುತ್ತಾನೆ.

ಇವರು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡರು. ಈ ಸಲ ಫೋನಿರಲಿಲ್ಲ. ಬಿಸಿಲಿಳಿದ ಮೇಲೆ ಒಳಗೆ ಬಂದವರ ಬಳಿ ಒಂದು ಸಿದ್ಧಾಂತವೇ ತಯಾರಾಗಿತ್ತು.

"ಇದೆಲ್ಲಾ ನೀನು ಯಾಕೆ ಮಾಡ್ದೆ ಅಂತ ನಂಗೆ ಅರ್ಥವಾಗುತ್ತೆ. ನಿಂಗೆ ಹಂಸ ಬೇಕು. ಅದನ್ನ ನೇರವಾಗಿ ಹೇಳ್ಬಹುದಿತ್ತು."

"ನಂಗೇನು ಬೇಕು ಅಂತ ನೀವು ಒಂದು ಸಲನಾದ್ರೂ ಕೇಳಿದ್ರಾ?"

"ಕೇಳೋದೇನಿದೆ? ಅದು ಟೇಬಲ್‌ನಲ್ಲಿದೆಯಲ್ಲ."

ಮೈಯೆಲ್ಲ ಉರಿಯಿತು. ಐದರಿಂದ ಮೂರಕ್ಕೆ ಇಳಿದ ಆ ಸಾಲು ಕಣ್ಣ ಮುಂದೆ ಬಂತು. ಜಗಳವಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು, "ನಾಳೆ ಹೋಗಿ ರಾಜೀನಾಮೆ ಕೊಡ್ತೀನಿ. ಗರುಡಕ್ಕೆ ಹೂಂ ಅಂತೀನಿ. ಮುಗೀತು" ಎಂದು ದೀಪ ಆರಿಸಿದರು. ಪಟಪಟನೆ ಉತ್ತರ ಹೇಳುವವರ ಜೊತೆ ಮಾತು ಬೆಳೆಸಬಾರದೆಂದು ಅಪ್ಪ ಹೇಳಿಕೊಟ್ಟಿದ್ದರು.

ಇವರ ಕಸುಬಿನಲ್ಲಿ ರಾಜೀನಾಮೆಗೂ ಒಂದು ಪದ್ಧತಿಯಿದೆ. ಎದುರಾಳಿ ಬ್ಯಾಂಕಿಗೆ ಹೋಗುತ್ತೇನೆ ಎಂದ ಮರುಗಳಿಗೆ ಕತ್ತಿನ ಗುರುತಿನ ಚೀಟಿ ಕಸಿದುಕೊಂಡು, ಕಂಪ್ಯೂಟರ್ ಮುಚ್ಚಿಸಿ, ಕಾವಲಿನವನ ಜೊತೆಗೆ ಲಿಫ್ಟಿನವರೆಗೆ ನಡೆಸಿಕೊಂಡು ಹೋಗಿ ಬಿಡುತ್ತಾರೆ. ಮೇಜಿನ ಮೇಲಿದ್ದದ್ದನ್ನು ತೆಗೆದುಕೊಳ್ಳಲೂ ಬಿಡುವುದಿಲ್ಲ. ಅದಕ್ಕೇ ಜಾಣರು ಮೊದಲೇ ತಮ್ಮ ಸಾಮಾನನ್ನು ಒಂದೊಂದಾಗಿ ಸಾಗಿಸಿಬಿಡುತ್ತಾರೆ. ಇವರು ಬಹುಮಾನದ ಫಲಕವನ್ನು ಆಗಲೇ ಮನೆಗೆ ತಂದಿದ್ದರು. ಕಾಫಿಯ ಮಗ್ಗು ಮತ್ತು ನಮ್ಮ ಮದುವೆಯ ಫೋಟೋ ಮಾತ್ರ ಅಲ್ಲಿ ಉಳಿದಿದ್ದವು. ಸೋಮವಾರ ಬೆಳಿಗ್ಗೆ ಖಾಲಿ ಚೀಲ ಹಿಡಿದು ಯುದ್ಧಕ್ಕೆ ಹೊರಟವರಂತೆ ಹೋದರು.

ಇವರ ಹಿಂದೆಯೇ ನಾನೂ ಹೊರಟೆ. ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಮಾಲೀಕರ ಮನೆಯ ಮೆಟ್ಟಿಲು ಹತ್ತಿ, ಐದು ವರ್ಷದ ಕರಾರಿಗೆ ಸಹಿ ಹಾಕಿದೆ. ಸಹಿ ನನ್ನದೇ ಥರ ಬಂತು. ಇವರು ಗರುಡಕ್ಕೆ ಹೋದರೆ ಏನು ಗತಿ ಎಂದು ಯೋಚಿಸಲಿಲ್ಲವೇ ಎಂದರೆ, ಯೋಚಿಸಿದೆ. ಹೋಗುತ್ತಾರೆ ಎಂದುಕೊಂಡೇ ಸಹಿ ಹಾಕಿದೆ. "ಮನೆಯವರನ್ನ ಒಂದು ಮಾತು ಕೇಳಿದೀಯ ತಾನೇ?" ಎಂದರು ಮಾಲೀಕರು. "ಕೇಳೋದೇನಿದೆ" ಎಂದೆ.

ಅಂದು ಸಂಜೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ಇವರು ಬಂದರು. ಚೀಲ ಈಗಲೂ ಖಾಲಿ. ಮುಖದಲ್ಲಿ ಭಾನುವಾರ ಮಧ್ಯಾಹ್ನ ಕಂಡ ಅದೇ ಕಳೆ.

"ಏನಾಯ್ತು? ಲಿಫ್ಟಿನವರೆಗೆ ಬಿಟ್ಟುಬಂದ್ರಾ?"

"ಎಲ್ಲಿ ಬಿಡ್ತಾರೆ?" ಎಂದು ಇವರು ನಕ್ಕರು. ರಾಜೀನಾಮೆ ಕೈಯಲ್ಲಿ ಹಿಡಿದು ಹೋದವರನ್ನು ಮೇಲಿನ ಸಾಹೇಬರು ಕಾವಲಿನವನಿಗೆ ಒಪ್ಪಿಸುವ ಬದಲು, ಗಾಜಿನ ಬಾಗಿಲು ಮುಚ್ಚಿ, ಕುರ್ಚಿ ಎಳೆದು ಕೂರಿಸಿ, "ನೀವಿಲ್ಲದೆ ನಾವೇನು ಮಾಡೋಣ?" ಎಂದರಂತೆ. ಮಧ್ಯಾಹ್ನದ ಹೊತ್ತಿಗೆ ಹೊಸ ಪತ್ರ ತಯಾರಾಗಿತ್ತಂತೆ. ಇವರು ಅಲ್ಲೇ ಕೂತು ಗರುಡಕ್ಕೂ ಹಂಸಕ್ಕೂ ಫೋನು ಮಾಡಿ ಇಲ್ಲ ಎಂದುಬಿಟ್ಟರಂತೆ.

"ಅಂದ್ರೆ ಅಲ್ಲೇ ಇರ್ತೀರಾ? ಮನುಷ್ಯ ಇರೋಕಾಗಲ್ಲ ಅಂದ್ರಲ್ಲ, ಅಲ್ಲೇ?"

"ಅದೇ ಬ್ಯಾಂಕು ಅಲ್ಲ ಕಣೆ. ಎಲ್ಲಾ ಬದಲಾಗುತ್ತೆ. ಓದು, ನಿಂಗೇ ಗೊತ್ತಾಗುತ್ತೆ." ಪತ್ರವನ್ನು ನನ್ನತ್ತ ಚಾಚಿದರು. ಕನ್ನಡಕದ ಅಂಗಡಿಯ ನಡುವೆ, ಇಷ್ಟೊಂದು ದೀಪದ ಕೆಳಗೆ, ಬೆಳಕು ಸರಿಯಿಲ್ಲ ಎನ್ನಲು ಬಾಯಿ ಬರಲಿಲ್ಲವೆಂದು ಕಾಣುತ್ತದೆ.

ಓದಿದೆ. ಉಪಾಧ್ಯಕ್ಷ ಎಂಬುದರ ಹಿಂದೆ 'ಹಿರಿಯ ಕಾರ್ಯನಿರ್ವಾಹಕ' ಎಂದು ಸೇರಿತ್ತು. ಸಾಹೇಬರು ಅವರೇ. ಕ್ಯಾಬಿನ್ನು ಅದೇ. "ಆದ್ರೆ ಬಾಗಿಲನ್ನ ಆಚೆ ಕಡೆಗೆ ತಿರುಗಿಸಿ ಕೊಡ್ತಾರೆ, ಶೌಚಾಲಯ ಎದುರಿಗೆ ಕಾಣಲ್ಲ" ಎಂದರು ಇವರು. ಕೆಳಗೆ ಮೂರು ವಾಕ್ಯಗಳಿದ್ದವು. ಹುದ್ದೆಗಿಂತ ಪ್ರತಿಭೆಗೆ ಹೆಚ್ಚು ಬೆಲೆ. ಕೇವಲ ಒಂದು ಸಂಸ್ಥೆಯಲ್ಲ, ಒಂದು ಕುಟುಂಬ. ಕನಸುಗಳಿಗೆ ರೆಕ್ಕೆ. ಆ ಮೂರನ್ನೂ ನಿಧಾನವಾಗಿ, ಇವರ ಮುಖ ನೋಡುತ್ತ ಓದಿದೆ.

"ನೋಡ್ದ್ಯಾ, ಎಷ್ಟು ವ್ಯತ್ಯಾಸ!" ಎಂದರು ಇವರು.

ನಾನು ಪತ್ರ ಮಡಿಸಿ ಕೊಟ್ಟೆ. ಇವರಿನ್ನೂ ಮುಗಿಸಿರಲಿಲ್ಲ. ಸ್ವರ ತಗ್ಗಿಸಿ, ಗಾಜಿನ ಕಪಾಟಿನ ಮೇಲೆ ಮಾಲೀಕರ ಹಾಗೆಯೇ ಮೊಣಕೈ ಊರಿ, "ನಿಜ ಹೇಳ್ಬೇಕಂದ್ರೆ, ನಿನ್ನ ಅಂಗಡಿಗೋಸ್ಕರ ಬಿಟ್ಟೆ. ಗರುಡ ಅಂದ್ರೆ ಸಾಮಾನ್ಯನಾ? ಆದ್ರೆ ನಿಂಗೆ ಅಂಗಡಿ ಎಷ್ಟು ಮುಖ್ಯ ಅಂತ ನಂಗೊತ್ತು. ಅಮ್ಮನಿಗೂ ಫೋನ್ ಮಾಡಿ ಹೇಳ್ದೆ" ಎಂದರು.

ಅಮ್ಮನಿಗೆ ಹೇಳಿಯಾಯಿತು ಎಂದರೆ ಪಕ್ಕದ ಮನೆಗೆ, ಎದುರು ಮನೆಗೆ, ಮಹಡಿ ಮೇಲಿನವರಿಗೆ ತಲುಪಿಯಾಯಿತು. ಇನ್ನು ಆಯುಷ್ಯವಿಡೀ ನಾನು ಗಂಡನ ರೆಕ್ಕೆ ಕತ್ತರಿಸಿದವಳು, ಇವರು ಹೆಂಡತಿಗಾಗಿ ಗರುಡವನ್ನೇ ಬಿಟ್ಟವರು. ಇಷ್ಟು ಅಚ್ಚುಕಟ್ಟಾಗಿ ಹೊಲಿದ ಲೆಕ್ಕವನ್ನು ನಾನು ಹಿಂದೆ ಕಂಡಿರಲಿಲ್ಲ.

"ಅಂಗಡಿಗೆ ಬೆಳಿಗ್ಗೆನೇ ಸಹಿ ಹಾಕಿ ಬಂದೆ" ಎಂದೆ.

"ಬೆಳಿಗ್ಗೆ ಅಂದ್ರೆ?"

"ನೀವು ಇನ್ನೂ ಲಿಫ್ಟು ಹತ್ತಿರಲಿಲ್ಲ. ಗರುಡಕ್ಕೆ ಹೂಂ ಅನ್ನೋಕೆ ಹೋಗ್ತಿದ್ರಿ."

ಇವರ ಮೊಣಕೈ ಕಪಾಟಿನಿಂದ ಇಳಿಯಿತು. "ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳೋದೇನಿದೆ? ಟೇಬಲ್‌ನಲ್ಲಿತ್ತಲ್ಲ."

"ನಾನು ಗರುಡಕ್ಕೆ ಹೋಗಿದ್ರೆ?"

"ಏರ್‌ಪೋರ್ಟಿಗೆ ಬಂದು ಕೈ ಬೀಸ್ತಿದ್ದೆ."

ಅಂಗಡಿಯಲ್ಲಿ ಗಿರಾಕಿಗಳಿಗೆ ಕೂರಲು ಬೇರೆ ಜಾಗವಿಲ್ಲ. ಇವರು ನಿಧಾನವಾಗಿ ಒಳಗೆ ನಡೆದು ಪರೀಕ್ಷೆಯ ಕುರ್ಚಿಯ ಮೇಲೆ ಕುಸಿದು ಕೂತರು. ಎದುರಿನ ಕನ್ನಡಿಯಲ್ಲಿ ಇವರ ಮುಖ, ಅದರ ಹಿಂದೆ ಅಕ್ಷರದ ಫಲಕ. ಬಹಳ ಹೊತ್ತು ಎರಡನ್ನೂ ನೋಡಿದರು. ಅಲ್ಲಿಯವರೆಗೆ ಸೋಲೊಪ್ಪದ ಮನುಷ್ಯ ಆ ಕುರ್ಚಿಯಲ್ಲಿ ಇಷ್ಟು ಚಿಕ್ಕದಾಗಿ ಕಾಣುತ್ತಾರೆಂದು ನನಗೆ ಗೊತ್ತಿರಲಿಲ್ಲ. ಪಾಪವೆನಿಸಿತು. ಸಿಟ್ಟೂ ಹಾಗೇ ಇತ್ತು.

"ಆ ಚೌಕಟ್ಟು ಹಾಕು" ಎಂದರು ಕೊನೆಗೆ.

ಹಾಕಿದೆ. ಓದುವ ಫಲಕವನ್ನು ಕೈಗೆ ಕೊಟ್ಟೆ. ಇವರ ಬಾಯನ್ನು ನಂಬುವುದು ಬೇಡವೆಂದು ಪಕ್ಕದಲ್ಲಿದ್ದ ಯಂತ್ರವನ್ನೂ ಚಾಲೂ ಮಾಡಿಟ್ಟೆ. ಒಂದು ಗಾಜು ಹಾಕಿದೆ. ತೆಗೆದು, ನಿಜವಾಗಿಯೂ ಬೇರೆಯದೇ ಗಾಜು ಹಾಕಿದೆ. "ಮೊದಲನೇದಾ, ಎರಡನೇದಾ?"

"ಮತ್ತೆ ಅದೇ ಆಟ" ಎಂದು ಇವರು ಕಹಿಯಾಗಿ ನಕ್ಕರು. "ಎರಡೂ ಒಂದೇ."

"ಅಲ್ಲ. ಈ ಸಲ ಬೇರೆ ಬೇರೆ."

"ಹಾಗಾದ್ರೆ ಎರಡನೇದು."

ನಾನು ಯಂತ್ರದ ಕಡೆ ತಿರುಗಿದೆ. ಅದರ ಪರದೆಯ ಬೆಳಕು ಕನ್ನಡಿಯಲ್ಲಿ ಇವರಿಗೂ ಕಂಡಿರಬೇಕು. ಅದು ಯಾರಿಗಾಗಿ ಎಂದು ಇವರಿಗೆ ಗೊತ್ತು. ಅಪ್ಪನ ಉಪಾಯವನ್ನು ಮದುವೆಯಾದ ಹೊಸದರಲ್ಲಿ ನಾನೇ ಇವರಿಗೆ ಹೇಳಿ ನಗಿಸಿದ್ದೆ.

"ತಾಳು" ಎಂದರು. "ಇನ್ನೊಂದ್ಸಲ ತೋರ್ಸು."

ತೋರಿಸಿದೆ. ಮೊದಲನೆಯದು. ಎರಡನೆಯದು. ಫಲಕವನ್ನು ಹತ್ತಿರಕ್ಕೆ ತಂದರು, ದೂರ ಹಿಡಿದರು. ಹೊರಗೆ ಯಾರೋ ಬಂದು "ಅಮ್ಮಾ" ಎಂದು ಕರೆದು, ಕಾದು, ಹೊರಟುಹೋದರು.

"ಗೊತ್ತಾಗ್ತಿಲ್ಲ ಕಣೆ" ಎಂದರು.

ಮದುವೆಯಾದಾಗಿನಿಂದ ಆ ಬಾಯಿಂದ ಆ ಮಾತನ್ನು ಕೇಳಿರಲಿಲ್ಲ. ನಾನು ಯಂತ್ರವನ್ನು ಆರಿಸಿದೆ. ಎರಡೂ ಗಾಜನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು, ಖಾಲಿ ಚೌಕಟ್ಟಿನಿಂದ ಮೊದಲಿನಿಂದ ಕೇಳತೊಡಗಿದೆ.